ರೇವಮ್ಮನ ಗೋರಿ ಉಪ್ಪು

ಆಳಂದದ ಹಳೇ ಮಡ್ಡಿಯ ಮಗ್ಗುಲಿನ ಓಣಿಯಲ್ಲಿ ರೇವಮ್ಮ ಎಂಬ ಮುದುಕಿ ಇದ್ದಳು. ಮಡ್ಡಿ ಎಂದರೆ ನಮ್ಮ ಕಡೆ ಬೆಳೆ ಬಾರದ ಗರಸು ದಿಬ್ಬ. ಊರಿನ ಲಿಂಗಾಯತರು ಅಜ್ಜ ಮುತ್ತಜ್ಜರ ಕಾಲದಿಂದ ತಮ್ಮವರನ್ನು ಅಲ್ಲಿಯೇ ಮಣ್ಣು ಮಾಡುತ್ತ ಬಂದಿದ್ದರು. ರೇವಮ್ಮನಿಗೆ ಮಣ್ಣಿನ ಮೇಲೆ ಓಡಾಡುವವರಿಗಿಂತ ಮಣ್ಣಿನೊಳಗೆ ಕುಳಿತವರ ಬಳಕೆಯೇ ಹೆಚ್ಚು. ಮೇಲಿನವರ ಜೊತೆ ಬರೀ ಜಗಳ, ಒಳಗಿನವರ ಜೊತೆ ಸುಖ ದುಃಖದ ಮಾತು. ಕುಳಿತವರು ಎಂದೆ, ಯಾಕೆಂದರೆ ನಮ್ಮವರನ್ನು ಮಲಗಿಸಿ ಹೂಳುವುದಿಲ್ಲ. ಕುಣಿಯ ಒಂದು ಗೋಡೆಯಲ್ಲಿ ಗೂಡು ಕೊರೆದು, ಅಂಗೈಯಲ್ಲಿ ಲಿಂಗ ಇಟ್ಟು, ಪೂಜೆಗೆ ಕೂತ ಹಾಗೆ ಕೂರಿಸುತ್ತಾರೆ. ಆಮೇಲೆ ಪತ್ರಿ, ವಿಭೂತಿ, ಉಪ್ಪು ತುಂಬಿ ಮಣ್ಣೆಳೆಯುತ್ತಾರೆ.

ನನ್ನ ತಾಯಿ ಶಿವಕಾಂತಾ ರೇವಮ್ಮನ ಪಕ್ಕದ ಮನೆಯಾಕೆ. ಎರಡೂ ಮನೆಗೆ ಒಂದೇ ನಡುಗೋಡೆ. ನಾನು ಆಗ ತೊಟ್ಟಿಲ ಕೂಸು, ಹಾಗಾಗಿ ಇದೆಲ್ಲ ತಾಯಿಯ ಬಾಯಿಂದ ಕೇಳಿದ್ದು. ನನ್ನ ತಾಯಿ ಸುಳ್ಳು ಹೇಳುವವಳಲ್ಲ. ಸ್ವಲ್ಪ ಬಣ್ಣ ಹಚ್ಚುತ್ತಿದ್ದಳು, ಅಷ್ಟೆ.

ರೇವಮ್ಮ ಬೆಳಿಗ್ಗೆ ಅಂಗಳ ಗುಡಿಸಿದ ಮೇಲೆ ಅದೇ ಕಸಬರಿಗೆ ಹಿಡಿದು ಮಡ್ಡಿಗೆ ಹೋಗುತ್ತಿದ್ದಳು. ಅದು ಆಕೆಗೆ ಯಾರೂ ವಹಿಸಿದ ಕೆಲಸವಲ್ಲ, ಬೇಡ ಎನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ. ಆಡುಗಳನ್ನು ಓಡಿಸುವುದು, ಮಳೆಗೆ ಕುಸಿದ ಮಣ್ಣನ್ನು ಏರಿಸುವುದು, ಜರುಗಿದ ಕಲ್ಲನ್ನು ಮತ್ತೆ ಅದರ ಜಾಗಕ್ಕೆ ತರುವುದು, ಶ್ರಾವಣಕ್ಕೆ ಸುಣ್ಣ ಬಳಿಯುವುದು. ಹೋಗುತ್ತ ಬರುತ್ತ ಎಲ್ಲರನ್ನೂ ಮಾತಾಡಿಸುವಳು. ಹತ್ತಿ ಸಾಹುಕಾರನೊಬ್ಬನ ಗೋರಿಯ ಮೇಲೆ ಮಕ್ಕಳು ಅವನು ಬದುಕಿದ್ದ ಮನೆಗಿಂತ ಚಂದದ ಕಲ್ಲಿನ ಮಂಟಪ ಕಟ್ಟಿಸಿದ್ದರು. ಅದರ ಮುಂದೆ ನಿಂತು, "ಏನಪಾ, ಈಗರೆ ನೆಳ್ಳು ಸಿಕ್ತಲ್ಲ!" ಎಂದು ರೇಗಿಸುವಳು. ಜೀವಮಾನವಿಡೀ ಮುಖ ನೋಡದ ನೆಗೆಣ್ಣಿಯರಿಬ್ಬರನ್ನು ಜಾಗ ಸಾಲದೆ ಅಕ್ಕಪಕ್ಕ ಕೂರಿಸಿದ್ದರು. ಅವರ ನಡುವೆ ತುಳಸಿ ಹಚ್ಚಿದವಳು ಇವಳೇ. "ಅಡ್ಡ ಏನರೆ ಇರಲಿ, ಇಲ್ಲಾಂದ್ರ ಇಬ್ಬರೂ ಎದ್ದು ಬರ್ತಾರ" ಎನ್ನುತ್ತಿದ್ದಳು. ಜೇವರ್ಗಿಯಿಂದ ಮದುವೆಯಾಗಿ ಬಂದು, ಅರಿಸಿನ ಆರುವ ಮೊದಲೇ ಹೋದ ಹುಡುಗಿಯೊಬ್ಬಳಿದ್ದಳು. ಅವಳ ಹತ್ತಿರ ಮಾತ್ರ ರೇವಮ್ಮ ತಮಾಷೆ ಮಾಡುತ್ತಿರಲಿಲ್ಲ. ಎರಡು ಹೂವು ಇಟ್ಟು ಮುಂದೆ ಹೋಗುತ್ತಿದ್ದಳು.

ಒಮ್ಮೆ ಊರಿನ ದೊಡ್ಡ ಮನೆಯವರೊಬ್ಬರು ಗೋರಿಯ ಚಪ್ಪಟೆ ಕಲ್ಲೊಂದನ್ನು ಎತ್ತಿಸಿ ಬಟ್ಟೆ ಒಗೆಯಲು ಬಚ್ಚಲ ಹಿಂದೆ ಹಾಕಿಕೊಂಡರು. ರೇವಮ್ಮ ಹೋಗಿ ಆ ಕಲ್ಲಿನ ಮೇಲೆ ಕೂತಳು. ಬೈಯಲಿಲ್ಲ, ಅಳಲಿಲ್ಲ. ಒಗೆಯಲು ಬಂದವರಿಗೆ, "ಒಗೀರಿ, ನನ್ನ ಮ್ಯಾಲೇ ಒಗೀರಿ" ಎಂದಳಂತೆ. ಸಂಜೆಯೊಳಗೆ ಕಲ್ಲು ಮಡ್ಡಿಗೆ ವಾಪಸು ಬಂತು.

ಇಷ್ಟು ಹಟಕ್ಕೆ ಒಂದು ಮೂಲವಿತ್ತು. ಸರಸಂಬಾದಿಂದ ಸೊಸೆಯಾಗಿ ಬಂದವಳು ರೇವಮ್ಮ. ಗಂಡ ಚಂದ್ರಾಮಪ್ಪ ಎಣ್ಣೆಯ ಗಾಣ ಇಟ್ಟುಕೊಂಡಿದ್ದ. ಮೊದಲನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಬಂದ ದೊಡ್ಡ ಜ್ವರದಲ್ಲಿ ಊರಿಗೆ ಊರೇ ಮಲಗಿತಲ್ಲ, ಆಗ ಅವನೂ ಹೋದ. ಕುಣಿ ತೋಡಲು ಆಳಿಲ್ಲ, ಹೊರಲು ಹೆಗಲಿಲ್ಲ. ಮೊಣಕಾಲು ಆಳದ ಗುಂಡಿಯಲ್ಲಿ, ಉಪ್ಪಿಲ್ಲದೆ ಪತ್ರಿಯಿಲ್ಲದೆ ಮುಚ್ಚಿ ಬಂದರು. ಮೂರನೇ ದಿನ ಹಾಲು ಹಾಕಲು ಹೋದ ರೇವಮ್ಮ ನೋಡಿದರೆ ಮಣ್ಣು ಕೆದರಿತ್ತು. ನರಿ ಬಂದು ಹೋಗಿತ್ತು. ಆಕೆ ಕೈಯಿಂದಲೇ ಮಣ್ಣೆಳೆದು, ಒಂದು ಬಡಿಗೆ ಹಿಡಿದು ಅಲ್ಲೇ ಕೂತಳು. ಮಳೆ ಬಿದ್ದು ನೆಲ ಗಟ್ಟಿಯಾಗುವ ತನಕ ಕೂತಳು. ಆ ದಿಬ್ಬದ ಮೇಲೆ ಆಗ ಆಕೆಯನ್ನು ಬಿಟ್ಟು ಇನ್ನೊಂದು ಜೀವ ಇರಲಿಲ್ಲ. ಆಮೇಲೆ ಮನೆಗೆ ಬಂದಳು, ಆದರೆ ಪೂರ್ತಿ ಬರಲಿಲ್ಲ ಎಂದು ಓಣಿಯವರು ಹೇಳುತ್ತಿದ್ದರು.

ಮಕ್ಕಳಿಲ್ಲದ ಆಕೆ ತನ್ನ ಕಡೆಯ ವ್ಯವಸ್ಥೆಯನ್ನು ತಾನೇ ಮಾಡಿಕೊಂಡಿದ್ದಳು. ಗಂಡನ ಪಕ್ಕದಲ್ಲಿ ಜಾಗಕ್ಕೆ ಗುರುತಿನ ಕಲ್ಲು. ದೇವರ ಕೋಣೆಯ ಅಟ್ಟದ ಮೇಲೆ ವಿಭೂತಿ ಗಟ್ಟಿ, ಬಿಳಿ ಬಟ್ಟೆ, ಮತ್ತೆ ಬಾಯಿಗೆ ಬಟ್ಟೆ ಬಿಗಿದ ಒಂದು ದೊಡ್ಡ ಗಡಿಗೆ ಉಪ್ಪು. ಉಪ್ಪು ಇದ್ದಲ್ಲಿ ನರಿ ಮೂಗು ಹಾಕುವುದಿಲ್ಲ ಎಂಬುದು ಆಕೆಯ ನಂಬಿಕೆ. ಕುಣಿ ತೋಡುವ ಲಾಲಸಾಬ ಪಕ್ಕದ ಖಬರಸ್ತಾನದವನು. ಮಡ್ಡಿಗೂ ಖಬರಸ್ತಾನಕ್ಕೂ ನಡುವೆ ಒಂದು ಕುಸಿದ ಗೋಡೆ, ಒಂದು ಬೇವಿನ ಮರ. ಎರಡೂ ಕಡೆ ಅಗೆಯುವವನು ಅವನೊಬ್ಬನೇ. ಅವನನ್ನು ಕಂಡಾಗಲೆಲ್ಲ ರೇವಮ್ಮ ಎಚ್ಚರಿಸುವಳು:

"ಲಾಲಸಾಬ, ನನ್ನ ಕುಣಿ ಆಳ ಇರಬೇಕು ನೋಡು. ಮೈಗಳ್ಳತನ ಮಾಡಿದಿ ಅಂದ್ರ ಎದ್ದು ಬಂದು ನಿನ್ನ ಸಲಿಕಿ ಕಸ್ಕೋತೇನಿ."

"ಆಯಿ, ನೀವು ಮೊದಲು ಸಾಯ್ರಿ, ಆಮ್ಯಾಗ ಅಳತಿ ಮಾತಾಡೋಣ" ಎಂದು ಅವನು ನಗುವನು.

ಹೀಗೆ ಸಾಯಲು ಸಕಲ ಸಿದ್ಧತೆ ಮಾಡಿಕೊಂಡು ರೇವಮ್ಮ ವರ್ಷಗಟ್ಟಲೆ ಗಟ್ಟಿಯಾಗಿ ಬದುಕಿದ್ದಳು.

ಸಾವಿರದ ಒಂಬೈನೂರ ನಲವತ್ತೇಳರ ಶ್ರಾವಣದಲ್ಲಿ ಸರಹದ್ದಿನ ಆಚೆ, ಸೊಲ್ಲಾಪುರದ ಕಡೆ, ಹೊಸ ಬಾವುಟ ಏರಿತು. ನಮ್ಮದು ನಿಜಾಮನ ಸೀಮೆ, ನಮಗೆ ಏರಲಿಲ್ಲ. ನಿಜಾಮನ ಪರ ನಿಂತ ರಜಾಕಾರರ ಪಡೆಯ ಭಯಕ್ಕೆ ಓಣಿಯ ಅರ್ಧ ಜನ ಗಂಟು ಕಟ್ಟಿ ಆಚೆ ಹೋದರು. ನಮ್ಮಪ್ಪನೂ ಹೋದ. ಬಾಣಂತಿಯನ್ನು ಹೊಲದ ಕಾಲುದಾರಿಯಲ್ಲಿ ನಡೆಸುವುದು ಹೇಗೆ ಎಂದು ತಾಯಿಯನ್ನು ರೇವಮ್ಮನ ಸುಪರ್ದಿಗೆ ಬಿಟ್ಟ. ಮರುವರ್ಷದ ಬೇಸಿಗೆ ಬರುವಷ್ಟರಲ್ಲಿ ಸರಹದ್ದಿನ ನಾಕಾಗಳು, ಅಂದರೆ ತಪಾಸಣೆಯ ಚೌಕಿಗಳು, ಬಿಗಿಯಾದವು. ಆಚೆಯಿಂದ ಸರಕು ಬರುವುದು ನಿಂತಿತು. ಸೀಮೆಎಣ್ಣೆ ಹೋಯಿತು, ಜನ ಬೇಗ ಮಲಗಿದರು. ಬಟ್ಟೆ ಹೋಯಿತು, ತೇಪೆ ಹಾಕಿದರು. ಆಮೇಲೆ ಉಪ್ಪು ಹೋಯಿತು. ಅದಕ್ಕೆ ಯಾರಿಗೂ ಉಪಾಯ ತಿಳಿಯಲಿಲ್ಲ.

ಉಪ್ಪಿಲ್ಲದ ಊಟ ಎಂದರೆ ಏನು ಎಂದು ಈಗಿನವರಿಗೆ ಹೇಳಿದರೆ ಪಥ್ಯ ಎಂದುಕೊಳ್ಳುತ್ತಾರೆ. ಪಥ್ಯ ಅಲ್ಲ ಅದು, ಶಿಕ್ಷೆ. ಬಾಯಿಗೆ ಇಟ್ಟದ್ದು ಅನ್ನವೋ ಬೂದಿಯೋ ತಿಳಿಯದು. ಖಾರ ಹೆಚ್ಚು ಹಾಕಿ ನೋಡಿದರು, ಹುಣಸೆ ಹಿಂಡಿ ನೋಡಿದರು. ಹಳ್ಳದ ದಂಡೆಯ ಚೌಳು ಮಣ್ಣು ಕೆರೆದು ತಂದು ನೀರಲ್ಲಿ ಕದಡಿ ಸೋಸಿದರು, ಕಹಿಯಾಗಿ ಹೊಟ್ಟೆ ಕೆಟ್ಟಿತು. ಉಪ್ಪಿನಕಾಯಿಯ ಖಾಲಿ ಭರಣಿಗಳನ್ನು ತೊಳೆದು ಆ ನೀರನ್ನು ಸಾರಿಗೆ ಹಾಕಿದರು. ಆ ವರ್ಷ ಮಾವಿನಕಾಯಿ ಮರದಲ್ಲೇ ಹಣ್ಣಾಗಿ ಉದುರಿತು.

ರೇವಮ್ಮನ ಅಟ್ಟದ ಮೇಲೆ ಗಡಿಗೆ ತುಂಬ ಉಪ್ಪಿರುವುದು ಓಣಿಗೆಲ್ಲ ಗೊತ್ತಿತ್ತು. ಒಬ್ಬರೂ ಕೇಳಲಿಲ್ಲ. ಸಂಕೋಚಕ್ಕಲ್ಲ. ಅದು ಗೋರಿಗೆ ತೆಗೆದಿಟ್ಟ ಉಪ್ಪು. ಸಾವಿಗೆ ಎತ್ತಿಟ್ಟದ್ದನ್ನು ಒಲೆಗೆ ತಂದರೆ ಸಾವನ್ನೇ ಮನೆಗೆ ಕರೆದ ಹಾಗೆ. ಅದರ ಹೆಸರೂ ಊಟದ ಹೊತ್ತಿಗೆ ಎತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ನನ್ನ ತಾಯಿ ರೊಟ್ಟಿ ಮುರಿದು ಬಾಯಿಗಿಟ್ಟು, ನುಂಗಲಾರದೆ, ಹಿತ್ತಲ ಗೊಡ್ಡು ಆಕಳಿಗೆ ಹಾಕಿದಳು. ಆಕಳು ಮೂಸಿ ಮುಖ ತಿರುಗಿಸಿತು. ಕೂಸು, ಅಂದರೆ ನಾನು, ಹಾಲು ಸಾಲದೆ ಕಿರುಚುತ್ತಿದ್ದೆ. ಹಿತ್ತಲ ಗೋಡೆಯಾಚೆಯಿಂದ ರೇವಮ್ಮ ಇದನ್ನೆಲ್ಲ ನೋಡಿದಳು. ಆ ದಿನದಿಂದ ಆಕೆಯ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಯಾರಿಗೂ ತಿಳಿಯಲಿಲ್ಲ. ಮಡ್ಡಿಗೆ ಹೋಗಿ ಸತ್ತವರನ್ನೂ ಬೈದಳಂತೆ. "ನೀವೆಲ್ಲ ಉಪ್ಪಿನಾಗ ಕುಂತು ಮಜಾ ಮಾಡಾಕತ್ತೀರಿ, ಅಲ್ಲಿ ಆ ಹುಡುಗಿಗೆ ತುತ್ತು ಇಳೀವಲ್ದು" ಎಂದು ಸಾಹುಕಾರನ ಮಂಟಪದ ಮುಂದೆ ಕಸಬರಿಗೆ ಎಸೆದದ್ದನ್ನು ಲಾಲಸಾಬ ಕಂಡಿದ್ದ. ಗಂಡನ ಗೋರಿಯ ಹತ್ತಿರ ಮಾತ್ರ ಬೈಯದೆ, ತನ್ನ ಜಾಗದ ಗುರುತಿನ ಕಲ್ಲಿನ ಮೇಲೆ ಕೈ ಇಟ್ಟು ಕೂತಿದ್ದಳಂತೆ.

ಮಾರನೇ ದಿನ ಗಡಿಗೆಯನ್ನು ಅಟ್ಟದಿಂದ ಇಳಿಸಿ, ಓಣಿಯ ನಡುವಿನ ಬಸವಣ್ಣನ ಕಟ್ಟೆಗೆ ತಂದಿಟ್ಟಳು. ಬಾಯಿಯ ಬಟ್ಟೆ ಬಿಚ್ಚಿದಳು. "ಬರ್ರಿ, ಚಿಪ್ಪು ತುಂಬಿ ಒಯ್ಯಿರಿ" ಎಂದು ಕೂಗಿದಳು.

ಹೆಂಗಸರು ಬಾಗಿಲಿಗೆ ಬಂದು ನಿಂತರು. ಮುಂದೆ ಯಾರೂ ಬರಲಿಲ್ಲ.

"ಯಾಕ, ಕಾಲಿಗೆ ಮುಳ್ಳು ನಟ್ಟಾವೇನು?"

ನನ್ನ ತಾಯಿಯೇ ಮೆಲ್ಲಗೆ ಹೇಳಿದಳು, "ಆಯಿ, ಅದು ಗೋರಿ ಉಪ್ಪಲ್ರಿ. ಕೂಸಿನ ತಾಯಿ ಅದೇನಿ. ಹ್ಯಾಂಗ ತಿನ್ಲಿ?"

ಓಣಿಯ ಅಯ್ಯನವರನ್ನು ಕರೆದರು. ಸಾವಿನಲ್ಲಿ ಮಂತ್ರ ಹೇಳುವವರು ಅವರೇ. ಅವರು ಗಡಿಗೆ ನೋಡಿದರು, ಗಡ್ಡ ನೀವಿದರು, ತೆಗೆದಿಟ್ಟದ್ದು ತೆಗೆದಿಟ್ಟದ್ದೇ ಎಂದರು. ಅವರ ಮನೆಯಲ್ಲೂ ಉಪ್ಪು ಮುಗಿದು ತಿಂಗಳಾಗಿತ್ತು, ಪಾಪ. ಅವರು ಗಡಿಗೆಯಿಂದ ಕಣ್ಣು ಕೀಳಲಿಲ್ಲ ಎಂದು ತಾಯಿ ಹೇಳುವಾಗಲೆಲ್ಲ ನಗುತ್ತಿದ್ದಳು.

"ತೆಗೆದಿಟ್ಟಾಕಿ ಯಾರ್ರೀ?" ಎಂದು ರೇವಮ್ಮ ಕೇಳಿದಳು.

"ನೀನೇ."

"ಯಾರ ಸಾವಿಗೆ?"

"ನಿನ್ನ ಸಾವಿಗೆ."

"ಹಂಗಾದ್ರ ನಾ ಸಾಯಂಗಿಲ್ಲ ತಗೋರಿ. ಸಾಯೋದೇ ಇಲ್ಲಂದ ಮ್ಯಾಲ ಗೋರಿ ಎಲ್ಲಿಂದ ಬಂತು, ಗೋರಿ ಉಪ್ಪು ಎಲ್ಲಿಂದ ಬಂತು?"

ಹಾಗೆಂದವಳೇ ಸೆರಗಿನಿಂದ ಒಣ ರೊಟ್ಟಿ ತೆಗೆದು, ಗಡಿಗೆಯ ಉಪ್ಪಿಗೆ ಒತ್ತಿ, ಎಲ್ಲರ ಕಣ್ಣೆದುರು ತಿನ್ನತೊಡಗಿದಳು. ಅವಸರ ಮಾಡಲಿಲ್ಲ. ಪೂರ್ತಿ ರೊಟ್ಟಿ ತಿಂದು ನೀರು ಕುಡಿದು, ಬಾಯಿ ಒರೆಸಿಕೊಂಡಳು. "ಈಗ ಇದು ನನ್ನ ಅಡಗಿ ಮನಿ ಉಪ್ಪು. ನಾ ತಿಂದೀನಿ, ಕುಂತೀನಿ, ನೋಡ್ರಿ."

ಮೊದಲು ಬಂದವಳು ಲಾಲಸಾಬನ ಹೆಂಡತಿ ಮೆಹರಾಜಬೇಗಂ. ಕೈಯಲ್ಲಿ ತಟ್ಟೆ ಹಿಡಿದೇ ಬಂದಿದ್ದಳು. "ಕೊಡ್ರಿ ಆಯಿ. ನಮ್ಮ ಗೋರಿಗೆ ಉಪ್ಪು ಬೇಕಾಗಂಗಿಲ್ಲ, ನಮ್ಮ ಬ್ಯಾಳಿಗೆ ಬೇಕು" ಎಂದಳು. ಓಣಿ ಗೊಳ್ಳೆಂದು ನಕ್ಕಿತು. ನಕ್ಕ ಮೇಲೆ ಭಯ ನಿಲ್ಲುವುದಿಲ್ಲ. ಅವಳ ಹಿಂದೆ ನನ್ನ ತಾಯಿ ಹೋದಳು, ತಾಯಿಯ ಹಿಂದೆ ಉಳಿದವರು, ಎಲ್ಲರ ಹಿಂದೆ ಅಯ್ಯನವರು. ಆ ದಿನದ ಊಟವನ್ನು ತಾಯಿ ಸಾಯುವ ತನಕ ನೆನೆಯುತ್ತಿದ್ದಳು. ಬರೀ ಬೇಳೆ, ಬರೀ ರೊಟ್ಟಿ. ಉಣ್ಣುತ್ತ ಉಣ್ಣುತ್ತ ಕಣ್ಣಲ್ಲಿ ನೀರು ಬಂತು, ಯಾಕೆಂದು ತಿಳಿಯಲಿಲ್ಲ ಎನ್ನುತ್ತಿದ್ದಳು. ನನಗೆ ತಿಳಿಯುತ್ತದೆ.

ಗಡಿಗೆ ಖಾಲಿಯಾಯಿತು. ಅಲ್ಲಿಂದ ರೇವಮ್ಮನ ಪಾಡು ಬೇರೆಯಾಯಿತು. ಇಷ್ಟು ದಿನ ಸಾವಿಗೆ ಹೆದರದವಳು ಈಗ ಹೆಜ್ಜೆ ನೋಡಿ ಇಡತೊಡಗಿದಳು. ಮಳೆಯಲ್ಲಿ ಹೊರಬೀಳಳು, ಕೆಮ್ಮು ಬಂದರೆ ಕಷಾಯ ಕುಡಿಯುವಳು. ಓಣಿಯವರು ಆಕೆಗಿಂತ ಹೆಚ್ಚು. ಆಕೆ ಕಟ್ಟೆ ಹತ್ತಿದರೆ ನಾಲ್ಕು ಕಡೆಯಿಂದ ಕೈ ಚಾಚುವರು. "ಆಯಿ, ಜ್ವಾಕಿ, ಕುಣಿಗೆ ಉಪ್ಪಿಲ್ರಿ" ಎನ್ನುವರು. "ಸಾಯೋ ಪುರಸತ್ತೂ ಕೊಡವಲ್ರಿ" ಎಂದು ರೇವಮ್ಮ ಗೊಣಗುವಳು. ಆದರೆ ಸಾರು ಚೆನ್ನಾಗಿತ್ತು ಎಂದು ಯಾರಾದರೂ ಹೇಳಿದರೆ ಆಕೆಯ ಮುಖ ಅರಳುತ್ತಿತ್ತು.

ಭಾದ್ರಪದದಲ್ಲಿ ಆಕೆಗೆ ಜ್ವರ ಬಂತು. ಎರಡು ದಿನ ಹೇಗೋ ಓಡಾಡಿದಳು, ಮೂರನೇ ದಿನ ಏಳಲಿಲ್ಲ. ತಾಯಿ ನನ್ನನ್ನು ಮಗ್ಗುಲಲ್ಲಿ ಹಾಕಿಕೊಂಡು ಆಕೆಯ ಹತ್ತಿರವೇ ಇದ್ದಳು. ಅಂಬಲಿ ಕುಡಿಸಲು ಹೋದರೆ ತುಟಿ ಬಿಗಿಹಿಡಿಯುವಳು. ಕಡೆಗೆ ತಾಯಿ ಕೇಳಿದಳು:

"ಆಯಿ, ಅಂಜಿಕಿ ಆಗ್ತದೇನ್ರಿ?"

ರೇವಮ್ಮ ಅಂಬಲಿಯ ಬಟ್ಟಲು ಸರಿಸಿದಳು. "ಸಾಯಾಕ ಅಂಜಿಕಿ ಇಲ್ಲಬೇ. ನರಿ ಬರ್ತಾವ. ನಮ್ಮ ಮನಿಯವರಿಗೆ ನಾ ಕುಂತಿದ್ದೆ. ನನಗ ಯಾರು ಅದಾರ?"

ಉಪ್ಪು ಕೊಟ್ಟ ದಿನ ಆಕೆ ಏನನ್ನು ಕೊಟ್ಟಳು ಎಂಬುದು ತಾಯಿಗೆ ಆಗ ತಿಳಿಯಿತು. ತಾಯಿ ಅತ್ತಳು, ಅತ್ತು ಸಿಟ್ಟಾದಳು.

"ಯಾರದಾರ ಅಂತ ಕೇಳ್ತೀರಲ್ಲ, ನಾವು ಸತ್ತೀವೇನು? ನೀವು ಒಬ್ಬಾಕಿ ಕುಂತಿದ್ರಿ. ನಿಮಗ ಓಣಿಗೆ ಓಣೀನೇ ಕುಂದ್ರತದ. ಈ ಕೂಸಿಗೂ ಬಡಿಗಿ ಕೊಟ್ಟು ಕುಂದ್ರಸ್ತೇನಿ, ಬರಲಿ ಯಾವ ನರಿ ಬರ್ತದ!"

ರೇವಮ್ಮ ಗೋಡೆಯ ಕಡೆ ಮಗ್ಗುಲಾದಳು. ಅತ್ತಲಿಂದಲೇ, "ಅಂಬ್ಲಿ ಆರಿತೇನು?" ಎಂದು ಕೇಳಿದಳು.

ಅದೇ ವಾರ ಆಚೆಯಿಂದ ಹಿಂದುಸ್ತಾನದ ಫೌಜು ಬಂತು. ಆಕಾಶದಲ್ಲಿ ವಿಮಾನ ಹೋದವು, ಸೊಲ್ಲಾಪುರದ ದಾರಿಯಲ್ಲಿ ಧೂಳೆದ್ದಿತು, ನಾಕಾಗಳು ಬಿದ್ದವು, ನಿಜಾಮನ ರಾಜ್ಯ ಮುಗಿಯಿತು ಎಂದರು. ಭಯ ಮಾತ್ರ ಮುಗಿಯಲಿಲ್ಲ, ಮನೆ ಬದಲಿಸಿತು. ನಿನ್ನೆಯ ತನಕ ನಮ್ಮ ಮನೆಗಳ ಅಗಳಿ ಬೀಳುತ್ತಿತ್ತು, ಈಗ ಲಾಲಸಾಬನ ಮನೆಯ ಅಗಳಿ ಬಿತ್ತು. ರಜಾಕಾರರು ಮಾಡಿದ್ದಕ್ಕೆ ಏನೂ ಮಾಡದವರ ಮೇಲೆ ಹಗೆ ತೀರಿಸುವ ಜನ ಊರೂರಿಗೆ ಹುಟ್ಟಿಕೊಂಡಿದ್ದರು. ಸುದ್ದಿ ಕೇಳಿದ ರೇವಮ್ಮ ಹಾಸಿಗೆಯಿಂದಲೇ ನನ್ನ ತಾಯಿಯನ್ನು ಕಳಿಸಿ ಗಂಡ ಹೆಂಡಿರನ್ನು ಕರೆಸಿದಳು.

"ಇಲ್ಲೇ ಪಡಸಾಲ್ಯಾಗ ಇರ್ರಿ."

"ಬ್ಯಾಡ್ರಿ ಆಯಿ, ನಿಮಗ ತ್ರಾಸ" ಎಂದ ಲಾಲಸಾಬ.

"ನಿನ್ನ ಮ್ಯಾಲ ಪ್ರೀತಿ ಉಕ್ಕಿ ಕರದಿಲ್ಲಪಾ. ನಿನಗ ಏನರೆ ಆದ್ರ ನನ್ನ ಕುಣಿ ಯಾವನು ತೋಡ್ತಾನ?"

ಬಡಿಗೆ ಹಿಡಿದ ನಾಲ್ಕು ಜನ ಓಣಿಗೂ ಬಂದರು. ಹೊರಗಿನವರು. ರೇವಮ್ಮ ತಾಯಿಯ ಹೆಗಲು ಹಿಡಿದು ಹೊಸ್ತಿಲ ಮೇಲೆ ಬಂದು ಕೂತಿದ್ದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ ಹಾಗೆಯೇ ಕೂತಿದ್ದಳು ಎನ್ನುತ್ತಿದ್ದಳು ತಾಯಿ. ಆಕೆಯ ಹಿಂದೆ ಮುಂದೆ ಓಣಿಯ ಹೆಂಗಸರು ಬಂದು ನಿಂತರು, ಅಯ್ಯನವರೂ ಬಂದು ನಿಂತರು. ಬಂದವರು ಒಳಗೆ ಯಾರಿದ್ದಾರೆ ಎಂದು ಕೇಳಿದರು, ಇವರು ಯಾರೂ ದಾರಿ ಬಿಡಲಿಲ್ಲ. ಅವರು ಮುಂದಿನ ಓಣಿಗೆ ಹೋದರು. ಅಲ್ಲಿ ಹೀಗೆ ನಿಲ್ಲುವವರು ಇದ್ದರೋ ಇಲ್ಲವೋ, ತಾಯಿ ಅದನ್ನು ಹೇಳುತ್ತಿರಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ನಮ್ಮಪ್ಪ ಸೊಲ್ಲಾಪುರದಿಂದ ಬಂದ, ತಲೆಯ ಮೇಲೆ ಉಪ್ಪಿನ ಚೀಲ ಹೊತ್ತು. ಓಣಿಯ ಜನ ಚೀಲ ಇಳಿಸಿಕೊಂಡರೇ ಹೊರತು ಒಬ್ಬರೂ ಮನೆಗೆ ಒಯ್ಯಲಿಲ್ಲ. ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ನೇರವಾಗಿ ರೇವಮ್ಮನ ಮನೆಗೆ ತಂದು, ಆ ಗಡಿಗೆಯನ್ನು ತೊಳೆದು ಒರೆಸಿ, ಕಂಠದ ತನಕ ತುಂಬಿದರು. ಮೆಹರಾಜಬೇಗಂ ಬಾಯಿಗೆ ಬಿಳಿ ಬಟ್ಟೆ ಬಿಗಿದಳು. ರೇವಮ್ಮನ ಜ್ವರ ಇಳಿದಿತ್ತು. ಆದರೂ ಆಕೆ ಒರಗಿಕೊಂಡೇ ಇದ್ದಳು.

ಅಟ್ಟ ಹತ್ತಲು ಏಣಿ ತಂದರು. ನನ್ನ ತಾಯಿ ಗಡಿಗೆಯನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಕೇಳಿದಳು:

"ಆಯಿ, ವಿಭೂತಿ ಮಗ್ಗಲಕ್ಕೇ ಇಡ್ಲ್ಯಾ?"

ರೇವಮ್ಮ ಆಕೆಯನ್ನು ನೋಡಿದಳು. ಬಾಗಿಲ ತುಂಬ ನಿಂತಿದ್ದವರನ್ನು ಒಬ್ಬೊಬ್ಬರಾಗಿ ನೋಡಿದಳು.

"ಅಲ್ಲಿ ಯಾಕ? ಒಲಿ ಮಗ್ಗಲಕ್ಕ ಇಡು" ಎಂದಳು. "ನಾ ಹೋಗೋ ಹೊತ್ತಿಗೆ ಉಳದಿದ್ರ ಹಾಕ್ರಿ. ಇಲ್ಲಾಂದ್ರ ಇಲ್ಲ. ನೀವು ಅದೀರಲ್ಲ."

ಆಮೇಲೆ ಗೋಡೆ ಹಿಡಿದು ಎದ್ದಳು. ತಾಯಿ ಬೇಡ ಎಂದರೂ ಕೇಳದೆ, ಒಲೆಯ ಮುಂದೆ ಹೋಗಿ ಕೂತು, ಬಟ್ಟೆ ಬಿಚ್ಚಿ, ಆ ದಿನದ ಬೇಳೆಗೆ ತಾನೇ ಉಪ್ಪು ಹಾಕಿದಳು.